ಕಂಟೇನರ್ ಯಾರ್ಡ್ ಹತ್ತಿರ ಮನೆ ಕೊಳ್ಳಬಹುದೇ? ಮಿಲ್ಟನ್‌ನಿಂದ ಬಂದ ಒಂದು ಪ್ರಶ್ನೆ

ಓದುಗರ ಪ್ರಶ್ನೆ: ನಮಸ್ಕಾರ. ನಾವು ಕೆನಡಾದ ಮಿಲ್ಟನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಊರಿನ ದಕ್ಷಿಣದ ಅಂಚಿನಲ್ಲಿ, ಬ್ರಿಟಾನಿಯಾ ರಸ್ತೆಯ ಕಡೆ ಒಂದು ಮನೆ ನೋಡಿದ್ದೇವೆ. ಬೆಲೆ ಕೈಗೆ ಎಟುಕುವ ಹಾಗಿದೆ. ಆದರೆ ಟ್ರೆಮೇನ್ ರಸ್ತೆ ಹತ್ತಿರ ಸಿಎನ್ (ಕೆನಡಿಯನ್ ನ್ಯಾಷನಲ್) ರೈಲ್ವೆಯವರ ದೊಡ್ಡ ಕಂಟೇನರ್ ಹಬ್, ಅಂದರೆ ರೈಲಿನಿಂದ ಟ್ರಕ್ಕಿಗೆ ಕಂಟೇನರ್ ಬದಲಾಯಿಸುವ ಯಾರ್ಡ್, ಬರುತ್ತದೆ ಅಂತ ಗೊತ್ತಾಯಿತು. ರೈಲ್ವೆಯವರು ಬರೆದದ್ದು ಓದಿದರೆ ಟ್ರಕ್ ಕಡಿಮೆಯಾಗುತ್ತವೆ, ಹೊಗೆಯೂ ಕಡಿಮೆಯಾಗುತ್ತದೆ ಅಂತಿದೆ. ಅಕ್ಕಪಕ್ಕದವರನ್ನು ಕೇಳಿದರೆ ದಿನಕ್ಕೆ 1,600 ಟ್ರಕ್ ಓಡಾಟ, ಊರು ಹಾಳಾಯಿತು ಅನ್ನುತ್ತಾರೆ. ಎರಡೂ ನಿಜವಾಗೋದು ಹೇಗೆ? ನಮ್ಮ ಮಗಳಿಗೆ ಆರು ವರ್ಷ. ಚಳಿಗಾಲದಲ್ಲಿ ಉಬ್ಬಸ ಬರುತ್ತದೆ, ಮನೆಯಲ್ಲಿ ಪಫರ್ (ಇನ್ಹೇಲರ್) ಇಟ್ಟುಕೊಂಡೇ ಇರುತ್ತೇವೆ. ಊರಿನಲ್ಲಿರುವ ನಮ್ಮ ಮಾವನವರು ರೈಲ್ವೆ ಗೂಡ್ಸ್ ಆಫೀಸಿನಲ್ಲಿದ್ದು ನಿವೃತ್ತರಾದವರು. "ಗೂಡ್ಸ್ ಶೆಡ್ ಪಕ್ಕ ಪುಕ್ಕಟೆ ಕೊಟ್ಟರೂ ಮನೆ ಬೇಡ" ಅಂತ ಫೋನಿನಲ್ಲಿ ಹಟ ಹಿಡಿದಿದ್ದಾರೆ. ನನ್ನ ಗಂಡನಿಗೆ ಇದೆಲ್ಲ ಸುಮ್ನೆ ಹೆದರಿಕೆ ಅನಿಸುತ್ತದೆ. ಏನು ಮಾಡೋದು?

ಉತ್ತರ:

ರೈಲ್ವೆಯವರು ಹೇಳೋದೂ ನಿಜ, ನಿಮ್ಮ ಅಕ್ಕಪಕ್ಕದವರು ಹೇಳೋದೂ ನಿಜ. ನಮ್ಮ ಊರುಗಳ ಕಲ್ಯಾಣ ಮಂಟಪ ನೆನಪು ಮಾಡಿಕೊಳ್ಳಿ. ಊರಿಗೆ ಒಂದು ಒಳ್ಳೆ ಮಂಟಪ ಬಂದರೆ ಎಲ್ಲರಿಗೂ ಅನುಕೂಲ. ಮದುವೆಗೆ ಅಂತ ದೂರದ ಪಟ್ಟಣಕ್ಕೆ ಬಸ್ ಮಾಡಿಕೊಂಡು ಹೋಗೋದು ತಪ್ಪುತ್ತದೆ. ಒಟ್ಟು ಲೆಕ್ಕ ಹಾಕಿದರೆ ಓಡಾಟ ಕಡಿಮೆಯೇ. ಆದರೆ ಮಂಟಪದ ಎದುರು ಮನೆಯವರನ್ನು ಕೇಳಿ ನೋಡಿ. ಲಗ್ನಸರಿ ಬಂತೆಂದರೆ ಅವರ ಗೇಟಿನ ಮುಂದೆ ನಾಲ್ಕು ಕಾರು, ರಾತ್ರಿ ಹನ್ನೊಂದಕ್ಕೆ ವಾಲಗ. ಮಿಲ್ಟನ್‌ನಲ್ಲಿ ನಡೆದಿರೋದೂ ಇದೇ.

ಮೊದಲೇ ಹೇಳಿಬಿಡುತ್ತೇನೆ. ನಾನು ಬಹಳ ವರ್ಷ ಸರಕು ರೈಲಿನ ಕೆಲಸದಲ್ಲಿದ್ದವನು, ಮೊದಲು ಹುಬ್ಬಳ್ಳಿ ಕಡೆ, ಆಮೇಲೆ ಟೊರಾಂಟೊ ಸುತ್ತಮುತ್ತ. ಸಿಎನ್‌ನಲ್ಲಿ ಕೆಲಸ ಮಾಡಿಲ್ಲ. ಆದರೂ ರೈಲಿನ ಕಡೆಗೆ ಮನಸ್ಸು ಸ್ವಲ್ಪ ವಾಲುತ್ತದೆ, ಅದನ್ನು ಕಳೆದೇ ಓದಿ.

ರೈಲ್ವೆಯವರ ವಾದವನ್ನು ನ್ಯಾಯವಾಗಿ ಹೇಳಬೇಕೆಂದರೆ ಹೀಗಿದೆ. ಟೊರಾಂಟೊ ಸುತ್ತ ಜನ ಕೊಳ್ಳುವ ಸೋಫಾ, ಟಿವಿ, ಚಪ್ಪಲಿ, ಹಣ್ಣು, ನಮ್ಮ ಸೋನಾ ಮಸೂರಿ ಅಕ್ಕಿ ಕೂಡ ಕಂಟೇನರ್‌ನಲ್ಲೇ ಬರೋದು. ಹಡಗಿನಿಂದ ವ್ಯಾಂಕೂವರ್, ಪ್ರಿನ್ಸ್ ರೂಪರ್ಟ್, ಹ್ಯಾಲಿಫ್ಯಾಕ್ಸ್, ಮಾಂಟ್ರಿಯಲ್‌ನಲ್ಲಿ ಇಳಿದು, ರೈಲು ಹತ್ತಿ ಸಾವಿರಾರು ಕಿಲೋಮೀಟರ್ ಬರುತ್ತವೆ. ಅಷ್ಟು ದೂರವನ್ನು ಟ್ರಕ್ಕಿನಲ್ಲಿ ತರೋದು ದುಬಾರಿ, ಹೊಗೆಯೂ ಜಾಸ್ತಿ. ಒಂದು ಟನ್ ಸರಕನ್ನು ಅಷ್ಟೇ ದೂರ ಸಾಗಿಸಲು ರೈಲಿಗೆ ಟ್ರಕ್ಕಿಗಿಂತ ಮೂರು ನಾಲ್ಕು ಪಟ್ಟು ಕಡಿಮೆ ಡೀಸೆಲ್ ಸಾಕು. ಇದು ಜಾಹೀರಾತಿನ ಮಾತಲ್ಲ. ಕಬ್ಬಿಣದ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ತಡೆ ಕಡಿಮೆ, ಅಷ್ಟೇ.

ಆದರೆ ರೈಲು ಅಂಗಡಿ ಬಾಗಿಲಿಗೆ ಬರಲ್ಲ. ಎಲ್ಲೋ ಒಂದು ಕಡೆ ಕಂಟೇನರ್ ಇಳಿಸಿ ಟ್ರಕ್ಕಿಗೆ ಹಾಕಲೇಬೇಕು. ಆ ಕೆಲಸ ಈ ಭಾಗದಲ್ಲಿ ಸಿಎನ್‌ಗೆ ಇದುವರೆಗೆ ಮುಖ್ಯವಾಗಿ ಬ್ರಾಂಪ್ಟನ್‌ನಲ್ಲಿ ನಡೆಯುತ್ತಿತ್ತು. ಅಲ್ಲಿ ಜಾಗ ಸಾಲುತ್ತಿಲ್ಲ, ಸುತ್ತ ಗೋದಾಮು ಬಂದು ಕೂತಿವೆ, ಬೆಳೆಯಲು ದಾರಿಯಿಲ್ಲ ಅನ್ನೋದು ಅವರ ವಾದ. ಇಂಥ ಯಾರ್ಡಿಗೆ ಬೇಕಾದ ಜಾಗ ಸುಲಭವಾಗಿ ಸಿಗೋದಿಲ್ಲ. ಮುಖ್ಯ ಹಳಿಗೆ ಅಂಟಿಕೊಂಡಿರಬೇಕು. ಕಿಲೋಮೀಟರ್‌ಗಟ್ಟಲೆ ಉದ್ದದ ರೈಲು ಒಳಗೆ ಬರಬೇಕು, ಹಾಗಾಗಿ ನೆಲ ಚಪ್ಪಟೆಯಾಗಿ, ಉದ್ದಕ್ಕೆ ಇರಬೇಕು. ಹೆದ್ದಾರಿ ಪಕ್ಕದಲ್ಲಿರಬೇಕು. ಕೊಳ್ಳುವ ಜನ ಹತ್ತಿರ ಇರಬೇಕು. ಮಿಲ್ಟನ್‌ನಲ್ಲಿ ನಾಲ್ಕೂ ಇದ್ದವು. ಸುಮಾರು 400 ಎಕರೆ ಬಳಸಿ, 25 ಕೋಟಿ ಡಾಲರ್ ಖರ್ಚಿನಲ್ಲಿ ಹಬ್ ಕಟ್ಟುತ್ತೇವೆ ಅಂತ 2015ರಲ್ಲಿ ಸಿಎನ್ ಅರ್ಜಿ ಹಾಕಿತು. ದಿನಕ್ಕೆ ನಾಲ್ಕು ರೈಲು, 800 ಟ್ರಕ್.

"ನಾವೇ ಮೊದಲು ಬಂದವರು" ಅನ್ನೋ ಮಾತನ್ನೂ ರೈಲ್ವೆಯವರು ಹೇಳುತ್ತಾರೆ. ಅದರಲ್ಲೂ ಅರ್ಧ ಸತ್ಯ ಇದೆ. ಆ ಜಮೀನನ್ನು ಅವರು ಕೊಂಡಿದ್ದು 2000ದ ಆಸುಪಾಸಿನಲ್ಲಿ. 2001ರ ಜನಗಣತಿಯಲ್ಲಿ ಮಿಲ್ಟನ್‌ನಲ್ಲಿ ಇದ್ದದ್ದು 31,471 ಜನ. ಆಮೇಲೆ ಒಂಟಾರಿಯೊ ಸರೋವರದ ನೀರಿನ ಪೈಪು ಬಂತು. ಹಳಬರು ಈಗಲೂ ಅದನ್ನು "ಬಿಗ್ ಪೈಪ್" ಅಂತಲೇ ಕರೆಯುತ್ತಾರೆ. ನೀರು ಬಂದ ಮೇಲೆ ಮನೆಗಳು ಅಣಬೆ ಹಾಗೆ ಎದ್ದವು. 2021ಕ್ಕೆ 1,32,979 ಜನ. ಇಪ್ಪತ್ತು ವರ್ಷದಲ್ಲಿ ನಾಲ್ಕು ಪಟ್ಟು. ಅಂದರೆ ಯಾರ್ಡಿನ ಕನಸು ಮತ್ತು ಬಡಾವಣೆಯ ಕನಸು ಎರಡೂ ಒಂದೇ ಹೊಲದ ಮೇಲೆ ಒಟ್ಟಿಗೆ ಬೆಳೆದವು. ಆ ಕಾಲದಲ್ಲೇ ಎರಡರ ನಡುವೆ ಒಂದು ಅಗಲವಾದ ಖಾಲಿ ಪಟ್ಟಿ ಬಿಟ್ಟಿದ್ದರೆ ನೀವು ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ.

ಈಗ ನಿಮ್ಮ ಪಕ್ಕದ ಮನೆಯವರ 1,600. ಅದು ಉತ್ಪ್ರೇಕ್ಷೆ ಅಲ್ಲ. 800 ಟ್ರಕ್ ಒಳಗೆ ಬಂದು 800 ಹೊರಗೆ ಹೋದರೆ 1,600 ಓಡಾಟ. 24 ಗಂಟೆಗೆ ಹಂಚಿದರೆ ಗಂಟೆಗೆ 67 ಚಿಲ್ಲರೆ, ಹೆಚ್ಚುಕಡಿಮೆ ನಿಮಿಷಕ್ಕೊಂದು. ಆದರೆ ಟ್ರಕ್‌ಗಳು ಹಾಗೆ ಸಮನಾಗಿ ಹಂಚಿಕೊಂಡು ಬರಲ್ಲ. ರೈಲು ಬಂದ ಮೇಲೆ, ಗೋದಾಮು ತೆರೆಯುವ ಮುಂಚೆ ಮುಗಿಬೀಳುತ್ತವೆ. ಯಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಸೋಮವಾರ ಬೆಳಗಿನ ಗೇಟು ಹೇಗಿರುತ್ತದೆ ಅಂತ ಗೊತ್ತು.

ಟ್ರಕ್ ಕಡಿಮೆಯಾಗುತ್ತವೆ ಅನ್ನುವಾಗ ರೈಲ್ವೆಯವರು ಇಡೀ ಪ್ರದೇಶದ ರಸ್ತೆ ಲೆಕ್ಕ ಹಾಕುತ್ತಾರೆ. ಹ್ಯಾಮಿಲ್ಟನ್, ಬರ್ಲಿಂಗ್ಟನ್ ಕಡೆಯ ಕಂಟೇನರ್ ಬ್ರಾಂಪ್ಟನ್‌ವರೆಗೆ ಹೋಗಿ ವಾಪಸ್ ಬರೋದು ತಪ್ಪುತ್ತದೆ. ಅದು ಸರಿಯೇ. ಆದರೆ ಉಳಿದ ಟ್ರಕ್‌ಗಳೆಲ್ಲ ಬ್ರಿಟಾನಿಯಾ ರಸ್ತೆಯ ಒಂದು ಗೇಟಿನ ಮುಂದೆ ಸೇರುತ್ತವೆ. ನಿಮ್ಮ ಮನೆ ಇರೋದೂ ಅದೇ ರಸ್ತೆ ಕಡೆ ತಾನೇ.

ಈ ಅಳುಕು ನಿಮ್ಮೊಬ್ಬರದಲ್ಲ. ಕೇಂದ್ರ ಸರ್ಕಾರವೇ ನೇಮಿಸಿದ ಪರಿಶೀಲನಾ ಸಮಿತಿ 2020ರ ಜನವರಿಯಲ್ಲಿ ವರದಿ ಕೊಟ್ಟಿತು. ಗಾಳಿಯ ಮೇಲೆ, ಅದರಿಂದ ಜನರ ಆರೋಗ್ಯದ ಮೇಲೆ ಗಣನೀಯ ಕೆಟ್ಟ ಪರಿಣಾಮ ಆಗಬಹುದು ಅಂತ ಅದರಲ್ಲಿ ಬರೆದಿತ್ತು. ಆದರೂ 2021ರ ಜನವರಿಯಲ್ಲಿ ಸರ್ಕಾರ, ಪರಿಣಾಮ ಇದ್ದರೂ ಯೋಜನೆ ಸಮರ್ಥನೀಯ ಅಂತ 325 ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಹಾಲ್ಟನ್ ಪ್ರಾದೇಶಿಕ ಆಡಳಿತ, ಮಿಲ್ಟನ್ ಮತ್ತು ಸುತ್ತಲಿನ ಊರುಗಳು ಕೋರ್ಟಿಗೆ ಹೋದವು. 2024ರ ಮಾರ್ಚ್‌ನಲ್ಲಿ ಫೆಡರಲ್ ಕೋರ್ಟು ಒಪ್ಪಿಗೆಯನ್ನು ರದ್ದು ಮಾಡಿತು. ಅದೇ ವರ್ಷ ಮೇಲ್ಮನವಿ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ ಒಪ್ಪಿಗೆಯನ್ನು ಉಳಿಸಿತು.

ಊರಿನವರೆಲ್ಲ ಬೇಡ ಅಂದರೂ ಯಾಕೆ ನಿಲ್ಲಿಸಲಾಗಲಿಲ್ಲ ಅಂತ ಇಲ್ಲಿನ ಕನ್ನಡದವರು ಆಗಾಗ ಕೇಳುತ್ತಾರೆ. ನಮ್ಮಲ್ಲಿ ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ, ಗ್ರಾಮ ಪಂಚಾಯಿತಿ ಲೈಸೆನ್ಸ್ ಕೊಡದೆ ರೈಲು ನಿಲ್ಲಿಸಲಾಗದು, ಅಲ್ವಾ? ಇಲ್ಲೂ ಹಾಗೇ. ಪ್ರಾಂತ್ಯ ದಾಟಿ ಓಡುವ ರೈಲು ಸಂವಿಧಾನದ ಪ್ರಕಾರ ಒಟ್ಟಾವಾಗೆ, ಅಂದರೆ ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಸಿಎನ್ ಸರ್ಕಾರದ ಕಂಪನಿಯೂ ಅಲ್ಲ, 1995ರಲ್ಲೇ ಖಾಸಗಿಯಾಯಿತು. ಆದರೂ ಕಾನೂನು ಕೇಂದ್ರದ್ದೇ. ಹಾಗಾಗಿ ಮನೆ ಮಾರುವ ಏಜೆಂಟ್ "ಟೌನ್‌ನವರು ಇದನ್ನು ಬರಗೊಡಲ್ಲ ಬಿಡಿ" ಅಂದರೆ ಆ ಮಾತಿನ ಮೇಲೆ ಸಾಲ ಮಾಡಬೇಡಿ. ಯಾರ್ಡ್ ಬರುತ್ತದೆ ಅಂತಲೇ ಲೆಕ್ಕ ಇಟ್ಟುಕೊಂಡು ಯೋಚನೆ ಮಾಡಿ.

ನಿಮ್ಮ ಮಾವನವರ ಮಾತಿಗೆ ಬರೋಣ. ಅವರ ಅನುಭವ ಅಪ್ಪಟ. ನಾನೂ ಅಂಥ ಗೂಡ್ಸ್ ಶೆಡ್‌ನಲ್ಲಿ ನಿಂತವನೇ. ಸಿಮೆಂಟ್ ರೇಕ್ (ಗೂಡ್ಸ್ ರೈಲು) ಬಂದ ದಿನ ಹಮಾಲರ ರೆಪ್ಪೆ ಕೂಡ ಬೂದು. ಗೊಬ್ಬರದ ರೇಕ್ ಬಂದರೆ ವಾರಗಟ್ಟಲೆ ವಾಸನೆ. ಅದಿರಿನ ಸೈಡಿಂಗ್ ಪಕ್ಕದ ಮನೆಗಳ ತುಳಸಿ ಗಿಡದ ಬಣ್ಣ ಕೆಂಪು. ಆದರೆ ಕಂಟೇನರ್ ಯಾರ್ಡ್ ಬೇರೆ ಜಾತಿಯದು. ಇಲ್ಲಿ ಮೂಟೆ ಒಡೆಯಲ್ಲ, ರಾಶಿ ಸುರಿಯಲ್ಲ. ಮುಚ್ಚಿ ಸೀಲ್ ಹಾಕಿದ ಡಬ್ಬ ಕ್ರೇನಿನಲ್ಲಿ ಎದ್ದು ಟ್ರಕ್ ಮೇಲೆ ಕೂರುತ್ತದೆ, ಹೊರಡುತ್ತದೆ. ಭಾರತದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1981ರಲ್ಲಿ. ಈಗ ವೈಟ್‌ಫೀಲ್ಡ್‌ನಲ್ಲಿರುವ ಡಿಪೋವನ್ನು ಮಾವನವರು ನೋಡಿದ್ದರೆ ವ್ಯತ್ಯಾಸ ಥಟ್ಟನೆ ಹಿಡಿಯುತ್ತಾರೆ. ಸಿಮೆಂಟ್ ಧೂಳಿನ ಹೆದರಿಕೆ ಮಿಲ್ಟನ್‌ಗೆ ಅನ್ವಯಿಸಲ್ಲ ಅಂತ ಅವರಿಗೆ ಧೈರ್ಯವಾಗಿ ಹೇಳಿ. ಡೀಸೆಲ್ ಹೊಗೆಯ ಹೆದರಿಕೆ ಅನ್ವಯಿಸುತ್ತದೆ, ಅದನ್ನೂ ಹೇಳಿ.

ಇನ್ನೊಂದು ಮಾತು ಮಿಲ್ಟನ್‌ನಲ್ಲಿ ಓಡಾಡುತ್ತಿದೆ. ಎಣ್ಣೆ ಟ್ಯಾಂಕರ್ ರೈಲು ಬಂದು ಲ್ಯಾಕ್-ಮೆಗಾಂಟಿಕ್ ಥರ ಆಗುತ್ತದೆ ಅಂತ. 2013ರ ಜುಲೈಯಲ್ಲಿ ಕ್ವಿಬೆಕ್‌ನ ಆ ಊರಿನಲ್ಲಿ ಕಚ್ಚಾ ಎಣ್ಣೆ ರೈಲು ಹಳಿ ತಪ್ಪಿ 47 ಜನ ಸತ್ತರು. ಭಯ ಸಹಜ. ನಿಮ್ಮ ಪಕ್ಕದ ಮಿಸಿಸಾಗಾದಲ್ಲೇ 1979ರಲ್ಲಿ ಕ್ಲೋರಿನ್ ಇದ್ದ ರೈಲು ಹಳಿ ತಪ್ಪಿ ಎರಡು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೆ ಆ ಅಪಾಯ ಮುಖ್ಯ ಹಳಿಯದ್ದು. ಹಬ್ ಬಂದರೂ ಬರದಿದ್ದರೂ ಆ ಹಳಿ ಅಲ್ಲೇ ಇದೆ, ಅದರ ಮೇಲೆ ಹೋಗೋದು ಹೋಗುತ್ತಲೇ ಇದೆ. ಕಂಟೇನರ್‌ಗಳಲ್ಲೂ ಬಣ್ಣ, ಬ್ಯಾಟರಿ ಥರದ ಅಪಾಯದ ಸರಕು ಸ್ವಲ್ಪ ಇರುತ್ತದೆ. ಅದು ಟ್ಯಾಂಕರ್ ರೈಲಿನ ಲೆಕ್ಕಕ್ಕೆ ಹತ್ತಿರವೂ ಬರಲ್ಲ.

ಹಬ್ ಬಂದರೆ ಗೋ ರೈಲು, ಅಂದರೆ ಟೊರಾಂಟೊಗೆ ಕೆಲಸಕ್ಕೆ ಹೋಗುವವರ ಪ್ರಯಾಣಿಕ ರೈಲು, ನಿಧಾನವಾಗುತ್ತದೆ ಅನ್ನೋದು ಶುದ್ಧ ಗಾಳಿಮಾತು. ಮಿಲ್ಟನ್‌ನ ಗೋ ರೈಲು ಓಡೋದು ಇನ್ನೊಂದು ಕಂಪನಿ ಸಿಪಿಕೆಸಿಯ ಹಳಿ ಮೇಲೆ. ಹಬ್ ಬರೋದು ಸಿಎನ್ ಹಳಿ ಮೇಲೆ.

ಹಬ್‌ನಿಂದ ಊರಿನವರಿಗೆ ಕೆಲಸ ಸಿಗುತ್ತದೆ ಅನ್ನೋದರ ಬಗ್ಗೆ ಜಾಸ್ತಿ ಹೇಳಲ್ಲ. ಯಾರ್ಡಿನ ಒಳಗೆ ಯಂತ್ರಗಳದ್ದೇ ಕೆಲಸ, ಜನ ಕಡಿಮೆ. ಹೊರಗೆ ಗೋದಾಮು ಬಂದರೆ ಕೆಲಸ ಬರುತ್ತದೆ, ಗೋದಾಮಿನ ಜೊತೆ ಇನ್ನಷ್ಟು ಟ್ರಕ್ಕೂ ಬರುತ್ತವೆ.

ಈಗ ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತ ಪಟ್ಟಿಗೆ ಸೇರಿಸಿದೆ. ಉಬ್ಬಸದ ಮಕ್ಕಳಿಗೆ ತೊಂದರೆ ಕೊಡೋದು ಅದರ ಸಣ್ಣ ಕಣಗಳು. ಆದರೆ ಈ ಹೊಗೆಗೆ ಒಂದು ಗುಣ ಇದೆ. ರಸ್ತೆಯ ಅಂಚಿನಲ್ಲಿ ದಟ್ಟವಾಗಿರುತ್ತದೆ, ಕೆಲವು ನೂರು ಮೀಟರ್ ದೂರ ಹೋಗುವಷ್ಟರಲ್ಲಿ ಬೇಗ ತೆಳುವಾಗುತ್ತದೆ. ಆದ್ದರಿಂದ ಯಾರ್ಡಿಗೆ ಎಷ್ಟು ದೂರ ಅನ್ನೋದಕ್ಕಿಂತ, ಟ್ರಕ್ಕು ಓಡುವ ಮತ್ತು ಸಿಗ್ನಲ್‌ನಲ್ಲಿ ನಿಲ್ಲುವ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಓಡುವ ಟ್ರಕ್ಕಿಗಿಂತ ನಿಂತು ಗುರುಗುಟ್ಟಿ, ಮತ್ತೆ ಎಳೆದುಕೊಂಡು ಹೊರಡುವ ಟ್ರಕ್ಕು ಸುತ್ತಲಿನವರಿಗೆ ಹೆಚ್ಚು ಹೊಗೆ ಕುಡಿಸುತ್ತದೆ.

ಟ್ರಕ್ಕಿನ ವಯಸ್ಸೂ ಮುಖ್ಯ. ದೂರದ ಓಟಕ್ಕೆ ಹೊಸ ಗಾಡಿ. ಯಾರ್ಡಿನಿಂದ ಗೋದಾಮಿಗೆ ಎಳೆಯೋಕೆ ಹಳೇ ಗಾಡಿ. ಪ್ರಪಂಚದಲ್ಲಿ ನಾನು ನೋಡಿದ ಯಾರ್ಡುಗಳಲ್ಲೆಲ್ಲ ಇದೇ ಕಥೆ. ಇಲ್ಲಿ ಬಹಳ ಜನ ಸ್ವಂತ ಗಾಡಿ ಇಟ್ಟುಕೊಂಡು ಟ್ರಿಪ್ ಲೆಕ್ಕದಲ್ಲಿ ದುಡಿಯುವವರು. 407 ಹೆದ್ದಾರಿ ಟೋಲಿನದ್ದು, ಟ್ರಕ್ಕಿಗೆ ಬಲು ದುಬಾರಿ. ಕಾಗದದಲ್ಲಿ ಯಾವ ದಾರಿ ಗುರುತು ಹಾಕಿದ್ದರೂ, ಟೋಲ್ ಉಳಿಸಲು ಚಾಲಕ 401ರ ಕಡೆ ತಿರುಗುತ್ತಾನೆ. ಬೈಯಬೇಡಿ, ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಬ್ರಿಟಾನಿಯಾದಿಂದ 401ಕ್ಕೆ ಹೋಗಬೇಕೆಂದರೆ ಉತ್ತರಕ್ಕೆ, ಊರಿನ ಬಡಾವಣೆಗಳ ಪಕ್ಕದಲ್ಲೇ ಹೋಗಬೇಕು. ಆ ರಸ್ತೆಗಳಿಗೆ ನಿಮ್ಮ ಮನೆ ಬೆನ್ನು ಹಾಕಿದೆಯೇ ಅಂತ ನೋಡಿಕೊಳ್ಳಿ. ಗಾಳಿ ಈ ಭಾಗದಲ್ಲಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಯಾರ್ಡಿಗೆ ಪೂರ್ವದಲ್ಲಿರುವ ಮನೆಗೆ ಅದರ ಪಾಲು ಜಾಸ್ತಿ.

ಸದ್ದಿನ ವಿಷಯದಲ್ಲಿ ಜನ ರೈಲಿನ ಹಾರ್ನ್‌ಗೆ ಹೆದರುತ್ತಾರೆ. ಹಾರ್ನ್ ಬೇಗ ಅಭ್ಯಾಸವಾಗಿಬಿಡುತ್ತದೆ. ಹುಬ್ಬಳ್ಳಿಯಲ್ಲಿ ನಾವು ಮಲಗುತ್ತಿದ್ದ ಕ್ವಾರ್ಟರ್ಸ್ ಹಳಿಯಿಂದ ಕಲ್ಲೆಸೆಯುವ ದೂರದಲ್ಲಿತ್ತು. ರೈಲು ಬರದ ರಾತ್ರಿಯೇ ಎಚ್ಚರವಾಗುತ್ತಿತ್ತು! ಅಭ್ಯಾಸವಾಗದ ಸದ್ದುಗಳು ಬೇರೆ. ಖಾಲಿ ಕಂಟೇನರ್ ಟ್ರಕ್ಕಿನ ಚೌಕಟ್ಟಿನ ಮೇಲೆ ಕೂರುವಾಗಿನ ಢಮ್. ನಿಂತ ಬೋಗಿಗಳು ಒಂದಕ್ಕೊಂದು ತಾಗಿ ಉದ್ದಕ್ಕೂ ಓಡುವ ಗಡಗಡ. ರೀಫರ್ ಅಂದರೆ ತಂಪು ಕಂಟೇನರ್‌ನ ಎಡೆಬಿಡದ ಗುಂಯ್. ಎಲ್ಲಕ್ಕಿಂತ ಹೆಚ್ಚಾಗಿ ಗಾಡಿ ಹಿಂದೆ ಹೋಗುವಾಗಿನ ಬೀಪ್ ಬೀಪ್. ಫೆಬ್ರವರಿಯ ಗಾಳಿಯಿಲ್ಲದ ಚಳಿ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಆಗ ಸದ್ದು ಮೇಲಕ್ಕೆ ಹೋಗದೆ ಬಾಗಿ ವಾಪಸ್ ಇಳಿಯುತ್ತದೆ, ಬೇಸಿಗೆಯಲ್ಲಿ ಕೇಳದ್ದು ಚಳಿಗಾಲದಲ್ಲಿ ಕೇಳುತ್ತದೆ.

ದೂರ ಎಷ್ಟಿರಬೇಕು? ಕೆನಡಾದ ಪುರಸಭೆಗಳ ಒಕ್ಕೂಟ ಮತ್ತು ರೈಲ್ವೆ ಸಂಘ ಸೇರಿ 2013ರಲ್ಲಿ ಒಂದು ಮಾರ್ಗಸೂಚಿ ಮಾಡಿವೆ. ಹೊಸ ಮನೆಗೂ ಮುಖ್ಯ ಹಳಿಗೂ 30 ಮೀಟರ್, ಸರಕು ಯಾರ್ಡಿಗೂ ಮನೆಗೂ 300 ಮೀಟರ್ ಅಂತರ ಇರಲಿ ಅನ್ನುತ್ತದೆ. ಯಾರ್ಡಿನ 1,000 ಮೀಟರ್ ಒಳಗೆ ಬಡಾವಣೆ ಮಾಡುವುದಾದರೆ ಸದ್ದಿನ ಅಧ್ಯಯನ ಮಾಡಿ ಅನ್ನುತ್ತದೆ. ನನ್ನ ಮಟ್ಟಿಗೆ 300 ಮೀಟರ್ ಅನ್ನೋದು ತೀರಾ ಕನಿಷ್ಠ. ಉಬ್ಬಸದ ಮಗು ಇರುವ ಮನೆಗೆ ನಾನಾದರೆ ಯಾರ್ಡಿನಿಂದ ಒಂದು ಕಿಲೋಮೀಟರ್, ಟ್ರಕ್ ಓಡುವ ರಸ್ತೆಯಿಂದ 300 ಮೀಟರ್ ಕೇಳುತ್ತೇನೆ. ಇದು ಸರ್ಕಾರದ ನಿಯಮ ಅಲ್ಲ, ನನ್ನ ಅಂದಾಜು. ಮಗಳ ವೈದ್ಯರನ್ನೂ ಒಂದು ಮಾತು ಕೇಳಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ನೋಡಿದ ಮನೆಯನ್ನೇ ಕೊಳ್ಳೋದು ಒಂದು. ಅದು ನಾನು ಹೇಳಿದ ದೂರದ ಹೊರಗೆ ಇದ್ದರೆ, ನಿಮ್ಮ ಗಂಡ ಹೇಳೋದು ಸರಿ, ಕೊಳ್ಳಿ. ಒಳಗೆ ಇದ್ದರೆ ಕಿಟಕಿ, ಫಿಲ್ಟರ್‌ಗೆ ದುಡ್ಡು ಎತ್ತಿಡಿ. ಮನೆ ಬೆಚ್ಚಗಿಡುವ ಫರ್ನೇಸಿಗೆ ಮೆರ್ವ್ 13 ದರ್ಜೆಯ ಫಿಲ್ಟರ್ ಹಾಕಿದರೆ ಒಳಗಿನ ಸಣ್ಣ ಕಣ ಚೆನ್ನಾಗಿ ಕಡಿಮೆಯಾಗುತ್ತದೆ. ಫರ್ನೇಸು ಅದನ್ನು ತಾಳುತ್ತದೆಯೇ ಅಂತ ಮೆಕ್ಯಾನಿಕ್‌ನನ್ನು ಕೇಳಿಯೇ ಹಾಕಿಸಿ. ಆದರೆ ಫಿಲ್ಟರ್ ಮನೆಯೊಳಗೆ ಮಾತ್ರ. ಮಗು ಹಿತ್ತಲಲ್ಲಿ ಆಡುತ್ತದೆ, ಶಾಲೆಗೆ ನಡೆಯುತ್ತದೆ. ಮಾರುವಾಗ ಇದೇ ಪ್ರಶ್ನೆಯನ್ನು ಮುಂದಿನವರು ನಿಮ್ಮನ್ನು ಕೇಳುತ್ತಾರೆ ಅನ್ನೋದೂ ನೆನಪಿರಲಿ. ಕಡಿಮೆ ಬೆಲೆಗೆ ಸಿಕ್ಕಿದ್ದು ಕಡಿಮೆ ಬೆಲೆಗೇ ಹೋಗಬಹುದು.

ಎರಡನೆಯದು ಊರಿನ ಉತ್ತರ ಅಥವಾ ಪೂರ್ವಕ್ಕೆ ಸ್ವಲ್ಪ ಚಿಕ್ಕ ಮನೆ. ಆದರೆ 401 ಹೆದ್ದಾರಿಯ ಪಕ್ಕ ಕೊಂಡು ಯಾರ್ಡಿನಿಂದ ಪಾರಾದೆ ಅಂದುಕೊಳ್ಳಬೇಡಿ. ಅಲ್ಲಿ ಇವತ್ತೇ ಹೊಗೆ ಇದೆ, ಯಾರೂ ಬೋರ್ಡ್ ಹಿಡಿದು ನಿಂತಿಲ್ಲ ಅಷ್ಟೇ. ಬಾಡಿಗೆ ಮನೆಯಲ್ಲೇ ಇದ್ದು ಯಾರ್ಡ್ ಶುರುವಾದ ಮೇಲೆ ಒಂದು ಚಳಿಗಾಲ ನೋಡಿ ನಿರ್ಧರಿಸೋದು ಮೂರನೆಯದು. ಬೆಲೆ ಏರಬಹುದು ಅನ್ನೋದೇ ಅದರ ಅಪಾಯ.

ಯಾವುದೇ ಆಗಲಿ, ಸಹಿ ಮಾಡುವ ಮುಂಚೆ ಎರಡು ಕೆಲಸ ಮಾಡಿ. ಮಾರಾಟದ ಒಪ್ಪಂದದಲ್ಲಿ "ವಾರ್ನಿಂಗ್ ಕ್ಲಾಸ್" ಅಂತ ಒಂದು ಪ್ಯಾರಾ ಇದೆಯೇ ಅಂತ ವಕೀಲರಿಂದ ಹುಡುಕಿಸಿ. ಹತ್ತಿರ ರೈಲ್ವೆ ಜಾಗ ಇದೆ, ಮುಂದೆ ಅದು ವಿಸ್ತರಣೆ ಆಗಬಹುದು, ಸದ್ದು, ನೆಲದ ಅದುರುವಿಕೆಗೆ ರೈಲ್ವೆ ಹೊಣೆಯಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಕೊಳ್ಳುವ ಖುಷಿಯಲ್ಲಿ ಯಾರೂ ಓದಲ್ಲ. ಹಾಗಂತ ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ರೈಲ್ವೆ ಮಿತಿಮೀರಿದ ಸದ್ದು, ಅದುರುವಿಕೆ ಮಾಡಬಾರದು ಅಂತ ಕಾನೂನಿದೆ. ಮೊದಲು ಕಂಪನಿ ಜೊತೆ ಮಾತಾಡಿ, ಬಗೆಹರಿಯದಿದ್ದರೆ ಕೆನಡಾ ಸಾರಿಗೆ ಏಜೆನ್ಸಿಗೆ ದೂರು ಕೊಡಬಹುದು. ಆದರೆ ಈ ದಾರಿ ರೈಲಿನ ಸದ್ದಿಗೆ ಮಾತ್ರ. ಬ್ರಿಟಾನಿಯಾ ರಸ್ತೆಯ ಟ್ರಕ್ಕಿನ ಮೇಲೆ ಅಲ್ಲಿ ದೂರು ನಡೆಯಲ್ಲ.

ಇನ್ನೊಂದು ಕೆಲಸಕ್ಕೆ ದುಡ್ಡು ಬೇಡ. ಬ್ರಾಂಪ್ಟನ್‌ನಲ್ಲಿ ಸಿಎನ್ ಯಾರ್ಡ್ ಇರುವ ರಸ್ತೆಯ ಹೆಸರೇ ಇಂಟರ್‌ಮೋಡಲ್ ಡ್ರೈವ್. ಒಂದು ವಾರದ ದಿನ ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿ. ಗೇಟಿನ ಹತ್ತಿರ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ. ಆಮೇಲೆ ನೀವು ನೋಡಿದ ಮನೆಗೂ ಬ್ರಿಟಾನಿಯಾದ ಗೇಟಿಗೂ ಇರುವಷ್ಟೇ ದೂರಕ್ಕೆ ಕಾರು ತಂದು ನಿಲ್ಲಿಸಿ ಮತ್ತೆ ಕೇಳಿ. ಮಗಳನ್ನು ಕರೆದುಕೊಂಡು ಹೋಗಬೇಡಿ. ಮಾವನವರಿಗೆ ವಿಡಿಯೊ ಕಾಲ್ ಮಾಡಿ ತೋರಿಸಿ, ಅವರು ನಿಮಗಿಂತ ಬೇಗ ಕಂಡುಹಿಡಿಯುತ್ತಾರೆ.